ನಾರಿಮನ್ ಹೌಸ್‌ನಂಥ ಮನೆಯಲ್ಲಿ ರಬ್ಬಿ ಏನು ಮಾಡುತ್ತಾರೆ?

ಪ್ರಶ್ನೆ: 26/11ರ ದಾಳಿಯ ಬಗ್ಗೆ ಓದುವಾಗಲೆಲ್ಲ ಮುಂಬೈಯ ನಾರಿಮನ್ ಹೌಸ್‌ನ ರಬ್ಬಿ (ಯಹೂದಿ ಧರ್ಮಗುರು) ದಂಪತಿಯ ಪ್ರಸ್ತಾಪ ಬರುತ್ತದೆ. ಬೆಂಗಳೂರಿನಲ್ಲೂ ಅಂಥದೊಂದು ಚಬಾದ್ ಮನೆ (ಚಬಾದ್ ಎಂಬ ಯಹೂದಿ ಶಾಖೆಯ ಕೇಂದ್ರ) ಇದೆ ಎಂದು ಕೇಳಿದ್ದೇನೆ. ಕಪ್ಪು ಟೋಪಿ, ಉದ್ದ ಗಡ್ಡದ ಈ ಹಸಿದಿ ರಬ್ಬಿಗಳು ಯಹೂದಿಗಳೇ ಹೆಚ್ಚಿಲ್ಲದ ಊರಿಗೆ ಬಂದು ನೆಲೆಸುವುದೇಕೆ? ಸಂಬಳ ಯಾರು ಕೊಡುತ್ತಾರೆ? ಇವರು ಇಸ್ರೇಲ್ ಸರ್ಕಾರದ ಪ್ರತಿನಿಧಿಗಳೇ, ಮತಪ್ರಚಾರಕರೇ? ದಿನವಿಡೀ ಮಾಡುವ ಕೆಲಸವಾದರೂ ಏನು?

ಉತ್ತರ: ಸಂಬಳದಿಂದಲೇ ಶುರು ಮಾಡೋಣ, ಉಳಿದದ್ದಕ್ಕೆಲ್ಲ ಅದೇ ಬುಡ. ಇವರಿಗೆ ಕೇಂದ್ರ ಕಚೇರಿಯಿಂದ ತಿಂಗಳ ಸಂಬಳ ಬರುವುದಿಲ್ಲ. ಇಸ್ರೇಲ್ ಸರ್ಕಾರದ ನೌಕರರೂ ಇವರಲ್ಲ. ಕಾಲೂರುವವರೆಗೆ ಆರಂಭದ ನೆರವು ಸಿಗಬಹುದು. ಆಮೇಲೆ ಮನೆ ಬಾಡಿಗೆ, ಮಕ್ಕಳ ಓದು, ಅತಿಥಿಗಳ ಊಟ, ಕಾವಲುಗಾರನ ಕೂಲಿ ಎಲ್ಲವನ್ನೂ ರಬ್ಬಿಯೇ ದೇಣಿಗೆ ಎತ್ತಿ ಹೊಂದಿಸಬೇಕು. ಸಾಮಿ ರೋರ್ ಕುಟುಂಬದಂಥ ದೊಡ್ಡ ದಾನಿಗಳು ಅನೇಕ ಕಡೆ ಕೈಹಿಡಿದದ್ದುಂಟು. ಆದರೂ ದಿನದಿನದ ಖರ್ಚು ಬರುವುದು ಊರಿನ ವ್ಯಾಪಾರಿಗಳಿಂದ, ಹಿಂದೊಮ್ಮೆ ಆ ಮನೆಯಲ್ಲಿ ಉಂಡು ಹೋದ ಪ್ರವಾಸಿಗಳಿಂದ. ಹಾಗಾಗಿ ಇಂಥ ರಬ್ಬಿಯ ವಾರದಲ್ಲಿ ಗಣನೀಯ ಪಾಲು ಹಣ ಕೇಳುವುದರಲ್ಲೇ ಹೋಗುತ್ತದೆ. ಹೊಸಬರು ಸೋಲುವುದೂ ಬಹುತೇಕ ಇಲ್ಲೇ: ಕಲಿಸಲು ಬರುತ್ತದೆ, ಕೇಳಲು ಬರುವುದಿಲ್ಲ. ಸಾಲ ಮಾಡಿ ಕಟ್ಟಡ ಕೊಂಡು, ದೊಡ್ಡ ದಾನಿಯೊಬ್ಬರು ಕೈಬಿಟ್ಟ ವರ್ಷ ಇಡೀ ಮನೆ ಅಲ್ಲಾಡುತ್ತದೆ.

ಯಹೂದಿ ಧರ್ಮದ ಹಸಿದಿ ಪಂಥ 18ನೇ ಶತಮಾನದ ಪೂರ್ವ ಯುರೋಪಿನಲ್ಲಿ ಬಾಲ್ ಶೆಮ್ ತೋವ್ ಅವರಿಂದ ಹುಟ್ಟಿತು. ಅದರಲ್ಲಿ ಸಾತ್ಮಾರ್, ಗೇರ್, ಬೆಲ್ಜ್, ಬ್ರೆಸ್ಲೋವ್ ಎಂದು ಹತ್ತಾರು ಶಾಖೆಗಳಿವೆ. ಬಹುತೇಕ ಶಾಖೆಗಳು ತಮ್ಮವರ ನಡುವೆ ಒತ್ತಾಗಿ ಬದುಕಲು ಬಯಸುತ್ತವೆ. ಹೊರಗೆ ಜನರನ್ನು ಕಳಿಸುವುದನ್ನೇ ಬಾಳಿನ ಕೆಲಸ ಮಾಡಿಕೊಂಡದ್ದು ಚಬಾದ್ ಲುಬಾವಿಚ್ ಶಾಖೆ. ಶ್ನೆಯೂರ್ ಜಲ್ಮನ್ (1745–1812) ಇದರ ಮೊದಲ ಗುರು. ಆರನೆಯ ಗುರು ಯೋಸೆಫ್ ಯಿಟ್ಜಾಕ್ ಶ್ನೆಯರ್ಸೋನ್ ಸೋವಿಯತ್ ಸೆರೆಮನೆ ಕಂಡವರು, ಯುದ್ಧದ ಯುರೋಪಿನಿಂದ ಪಾರಾಗಿ 1940ರಲ್ಲಿ ನ್ಯೂಯಾರ್ಕ್ ಸೇರಿದರು. ಅವರ ಅಳಿಯ, ಏಳನೆಯ ಗುರು ಮೆನಾಖೆಮ್ ಮೆಂಡೆಲ್ ಶ್ನೆಯರ್ಸನ್ (1902–1994), 1951ರಲ್ಲಿ ಪೀಠ ವಹಿಸಿಕೊಂಡರು. ಬ್ರೂಕ್ಲಿನ್‌ನ 770 ಈಸ್ಟರ್ನ್ ಪಾರ್ಕ್‌ವೇ ಕಟ್ಟಡದಲ್ಲಿ ಕೂತೇ ಅವರು ಲೋಕದ ಮೂಲೆಮೂಲೆಗೆ ದಂಪತಿಗಳನ್ನು ಕಳಿಸಿದರು. ತಾವು ಇಸ್ರೇಲಿಗೆ ಒಮ್ಮೆಯೂ ಹೋಗಲಿಲ್ಲ. ಮೊದಲ ಕಾಲದ ನೆಲೆಗಳಲ್ಲಿ ಮೊರಾಕ್ಕೊ ಒಂದು. ಅವರು ತೀರಿಕೊಂಡ ಮೇಲೆ ಎಂಟನೆಯ ಗುರು ಬರಲಿಲ್ಲ. ಆದರೂ ಕಳಿಸುವ ಕೆಲಸ ನಿಲ್ಲುವ ಬದಲು ಬೆಳೆಯಿತು. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಸಾವಿರಗಟ್ಟಲೆ ಕುಟುಂಬಗಳಿವೆ. ಗುರುವೇ ಯಹೂದಿಗಳು ಕಾಯುವ ಉದ್ಧಾರಕ ಮೆಸ್ಸೀಯ ಎಂದು ನಂಬುವ ಒಂದು ಗುಂಪು ಒಳಗೆ ಹುಟ್ಟಿಕೊಂಡು ವೈಮನಸ್ಯವಾದದ್ದೂ ನಿಜ. ಕೆಲವು ಚಬಾದ್ ಮನೆಗಳ ಮೇಲೆ ಕಾಣುವ ಕಿರೀಟದ ಚಿತ್ರದ ಹಳದಿ ಬಾವುಟ ಆ ಗುಂಪಿನದು.

ಹೀಗೆ ಹೋದವರನ್ನು ಅವರ ಭಾಷೆಯಲ್ಲಿ ಶಲಿಯಾಹ್ ಎನ್ನುತ್ತಾರೆ, ಕಳಿಸಲ್ಪಟ್ಟ ದೂತ. ಇದು ವರ್ಗಾವಣೆಯ ನೌಕರಿ ಅಲ್ಲವೆಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೂರು ವರ್ಷ ಮುಂಬೈ, ಆಮೇಲೆ ಪ್ಯಾರಿಸ್ ಎಂಬುದಿಲ್ಲ. ಹೋದ ಊರಲ್ಲೇ ಬಾಳಬೇಕು, ಸಾಮಾನ್ಯವಾಗಿ ಅಲ್ಲೇ ಮುದುಕರಾಗಬೇಕು ಎಂಬ ಭಾವನೆಯಿಂದಲೇ ಹೊರಡುತ್ತಾರೆ. ಮದುವೆಯಾದ ಮೇಲೆಯೇ ಹೋಗುವುದು, ಏಕೆಂದರೆ ಹೆಂಡತಿಗೂ ಅಷ್ಟೇ ಹೊಣೆ. ಶಿಶುವಿಹಾರ, ಹೆಂಗಸರ ಪಾಠ, ಮಿಕ್ವಾ ಎಂಬ ಶುದ್ಧಿಸ್ನಾನದ ಕೊಳ, ವಾರಕ್ಕೊಮ್ಮೆ ಐವತ್ತು ಜನರ ಅಡುಗೆ ಆಕೆಯ ಕೈಯಲ್ಲಿರುತ್ತವೆ. ಗಂಡ ತೀರಿಕೊಂಡರೆ ಆಕೆಯೇ ಮನೆಯನ್ನು ಮುಂದುವರಿಸಿದ ಉದಾಹರಣೆಗಳಿವೆ. ‘ರಬ್ಬಿಯ ಹೆಂಡತಿ’ ಎಂದು ಪತ್ರಿಕೆಗಳು ಒಂದೇ ಸಾಲಿನಲ್ಲಿ ದಾಟಿಬಿಡುವುದು ದೊಡ್ಡ ಅನ್ಯಾಯ.

ಹೋಗುವ ಮುನ್ನ ಯೆಶಿವಾ ಎಂಬ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಓದು. ರಬ್ಬಿ ಎನಿಸಿಕೊಳ್ಳಲು ಕೊಡುವ ಪರೀಕ್ಷೆಯ ಮುಖ್ಯ ಭಾಗ ದೇವತತ್ತ್ವವಲ್ಲ, ಅಡುಗೆಮನೆ: ಮಾಂಸ-ಹಾಲು ಬೆರೆತರೆ ಏನು ಮಾಡಬೇಕು, ನಿಷಿದ್ಧ ಪದಾರ್ಥ ಎಷ್ಟು ಪಾಲು ಬಿದ್ದರೆ ಇಡೀ ಪಾತ್ರೆ ಕೆಟ್ಟಂತೆ, ಮಾಂಸಕ್ಕೆ ಉಪ್ಪು ಹಾಕುವ ಕ್ರಮ. ಹದಿಹರೆಯ ದಾಟಿದ ಹುಡುಗರು ಬೇಸಿಗೆ ರಜೆಯಲ್ಲಿ ಇಬ್ಬಿಬ್ಬರಾಗಿ ದೂರದ ಊರುಗಳಿಗೆ ಹೋಗಿ ಬರುತ್ತಾರೆ. ಅದೇ ಅವರ ಅಭ್ಯಾಸದ ಗರಡಿ. ಒಂದು ಪ್ರದೇಶಕ್ಕೆ ಮೊದಲು ಹೋದವರು ಅಲ್ಲಿನ ಮುಖ್ಯಸ್ಥರು. ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಚಬಾದ್ ರಬ್ಬಿ ಅಲ್ಲಿ ಮನೆ ತೆರೆಯುವಂತಿಲ್ಲ. ಒಳಜಗಳಗಳಿಗೆ ದೊಡ್ಡ ಕಾರಣವೂ ಈ ಗಡಿರೇಖೆಯೇ. ಪ್ರತಿವರ್ಷ ನವೆಂಬರ್ ಆಸುಪಾಸಿನಲ್ಲಿ ಸಾವಿರಾರು ಮಂದಿ ಬ್ರೂಕ್ಲಿನ್‌ನಲ್ಲಿ ಸೇರಿ 770ರ ಮುಂದೆ ನಿಂತು ತೆಗೆಸಿಕೊಳ್ಳುವ ಫೋಟೊವನ್ನು ನೀವು ನೋಡಿರಬಹುದು. ಹೆಂಗಸರ ಸಮಾವೇಶ ಬೇರೆಯೇ ನಡೆಯುತ್ತದೆ.

ಈಗ ದಿನದ ಕೆಲಸ. ಬೆಳಗಿನ ಪ್ರಾರ್ಥನೆಗೆ ಹದಿಮೂರು ವರ್ಷ ದಾಟಿದ ಹತ್ತು ಮಂದಿ ಯಹೂದಿ ಗಂಡಸರು ಬೇಕು. ಹತ್ತು ಆಗದಿದ್ದರೆ ಸುರುಳಿಯಿಂದ ತೋರಾ ಎಂಬ ಧರ್ಮಗ್ರಂಥ ಓದುವಂತಿಲ್ಲ, ಸತ್ತವರಿಗಾಗಿ ಹೇಳುವ ಕದ್ದೀಶ್ ಹೇಳುವಂತಿಲ್ಲ. ತಂದೆ ತೀರಿಕೊಂಡು ಹನ್ನೊಂದು ತಿಂಗಳು ಕದ್ದೀಶ್ ಹೇಳಬೇಕಾದ ವ್ಯಾಪಾರಿ ಊರಿಗೆ ಬಂದನೆಂದರೆ ರಬ್ಬಿ ಬೆಳಗ್ಗೆ ಆರಕ್ಕೇ ಹೋಟೆಲುಗಳಿಗೆ ಫೋನ್ ಮಾಡಿ ಒಂಬತ್ತನೆಯವನನ್ನೂ ಹತ್ತನೆಯವನನ್ನೂ ಹುಡುಕಬೇಕು. ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚಿದರೆ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಶುರು. ಶನಿವಾರ ನಕ್ಷತ್ರ ಕಾಣುವವರೆಗೆ ಫೋನಿಲ್ಲ, ಹಣ ಮುಟ್ಟುವುದಿಲ್ಲ, ವಾಹನ ಹತ್ತುವುದಿಲ್ಲ. ಪ್ರಾಣಾಪಾಯವೊಂದೇ ವಿನಾಯಿತಿ, ಆಗ ಫೋನ್ ಎತ್ತುವುದು ಬರೀ ಅನುಮತಿಯಲ್ಲ, ಕರ್ತವ್ಯ.

ಹೆಚ್ಚಿನ ತಾಪತ್ರಯ ಊಟದ್ದು. ನಮ್ಮ ಸಸ್ಯಾಹಾರಿ ಹೋಟೆಲು ಯಹೂದಿ ನಿಯಮಕ್ಕೂ ಸಲ್ಲುತ್ತದೆ ಎಂಬುದು ನಮ್ಮಲ್ಲಿ ಬಲು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಸೊಪ್ಪಿನಲ್ಲಿ, ಹೂಕೋಸಿನಲ್ಲಿ ಒಂದು ಹುಳು ಉಳಿದರೂ ಅದು ನಿಷಿದ್ಧ. ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡಬೇಕು. ಒಲೆಯನ್ನು ಯಹೂದಿಯೊಬ್ಬ ಹಚ್ಚಿರಬೇಕು. ಸ್ಪೇನ್ ಮೂಲದ ಸೆಫಾರ್ದಿ ಪದ್ಧತಿಯವರಿಗೆ ಅಷ್ಟೂ ಸಾಲದು, ಪಾತ್ರೆಯನ್ನೂ ಯಹೂದಿಯೇ ಒಲೆಯ ಮೇಲಿಡಬೇಕು. ಹಾಲು ಕರೆಯುವಾಗ ಯಹೂದಿಯೊಬ್ಬ ಹಾಜರಿರಬೇಕೆಂಬುದರಲ್ಲಿ ಚಬಾದ್‌ನವರು ಬಹಳ ಕಟ್ಟುನಿಟ್ಟು. ಹಾಗಾಗಿ ದೂರದ ಊರಿನಲ್ಲಿ ರಬ್ಬಿ ನಸುಕಿಗೇ ಕೊಟ್ಟಿಗೆಗೆ ಹೋಗಿ ನಿಂತು ಹಾಲು ತರುತ್ತಾರೆ, ಇಲ್ಲವೇ ಮನೆಯವರು ಹಾಲನ್ನೇ ಬಿಡುತ್ತಾರೆ. ಕೋಳಿಯ ಕ್ರಮ ಇನ್ನೂ ಉದ್ದ. ಕೊಯ್ಯುವವನು ಬೇರೆ ತರಬೇತಿ ಪಡೆದಿರಬೇಕು. ಚೂರಿಯ ಅಲಗನ್ನು ಉಗುರಿಗೂ ಬೆರಳಿನ ಮಾಂಸಕ್ಕೂ ತಾಗಿಸಿ ಜಾರಿಸುತ್ತಾ ಪರೀಕ್ಷಿಸುತ್ತಾನೆ, ಕೂದಲೆಳೆಯಷ್ಟು ಕಚ್ಚಿದ್ದರೂ ಅದರಿಂದ ಕೊಯ್ದದ್ದು ತಿನ್ನಲಾಗದು. ಆಮೇಲೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ರಕ್ತ ಇಳಿಯಲೆಂದು ಎಲ್ಲ ಬದಿಗೂ ಹರಳುಪ್ಪು ಹಚ್ಚಿ ಒಂದು ಗಂಟೆ ಇಳಿಜಾರಿನಲ್ಲಿಟ್ಟು, ಮೂರು ಸಲ ತೊಳೆಯಬೇಕು. ಪುಡಿ ಉಪ್ಪು ಹಾಕಿದರೆ ಕರಗಿ ಹೋಗಿ ಕೆಲಸ ಕೆಡುತ್ತದೆ. ಕೊಯ್ದು 72 ಗಂಟೆ ದಾಟಿದರೆ ಉಪ್ಪು ಹಚ್ಚಿಯೂ ಪ್ರಯೋಜನವಿಲ್ಲ ಎಂಬುದು ನಿಯಮ. ವಿದ್ಯುತ್ ಕೈಕೊಟ್ಟು ಶೀತಪೆಟ್ಟಿಗೆ ನಿಂತ ಊರಿನಲ್ಲಿ ಇದನ್ನು ಪಾಲಿಸುವ ಕಷ್ಟ ಊಹಿಸಿಕೊಳ್ಳಿ.

ಮಿಕ್ವಾದ ವಿಷಯಕ್ಕೆ ಬರುತ್ತೇನೆ. ಪ್ರಾರ್ಥನಾ ಮಂದಿರ ಕಟ್ಟುವುದಕ್ಕಿಂತ ಮೊದಲು ಇದನ್ನು ಕಟ್ಟಬೇಕು, ಹಣವಿಲ್ಲದಿದ್ದರೆ ತೋರಾ ಸುರುಳಿ ಮಾರಿಯಾದರೂ ಕಟ್ಟಬೇಕು ಎಂಬಷ್ಟು ಅಗತ್ಯದ್ದು ಈ ಕೊಳ. ಕುಟುಂಬಗಳು ಒಂದೂರಿನಲ್ಲಿ ನೆಲೆಸುತ್ತವೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ. ಸೆಆ ಎಂಬ ಹಳೆಯ ಅಳತೆಯಲ್ಲಿ 40 ಸೆಆ ನೀರು ಕನಿಷ್ಠ. ಬೇರೆ ಬೇರೆ ಪಂಡಿತರ ಲೆಕ್ಕದಲ್ಲಿ ಅದು ಸುಮಾರು 330ರಿಂದ 570 ಲೀಟರ್, ಕಟ್ಟುವಾಗ ಅನುಮಾನ ಬೇಡವೆಂದು ಇನ್ನೂ ಹೆಚ್ಚೇ ಇಡುತ್ತಾರೆ. ಅದು ಮಳೆನೀರೋ ಚಿಲುಮೆಯ ನೀರೋ ಆಗಿರಬೇಕು, ಯಾವ ಪಾತ್ರೆಯಲ್ಲೂ ನಿಲ್ಲದೆ ತಾನಾಗಿ ಹರಿದು ಗುಂಡಿ ಸೇರಿರಬೇಕು. ಚಬಾದ್‌ನವರು ಕಟ್ಟುವ ರೀತಿ ವಿಶಿಷ್ಟ: ಮಳೆನೀರಿನ ಗುಂಡಿ ಕೆಳಗೆ, ಮುಳುಗುವ ಕೊಳ ಅದರ ಮೇಲೆ, ನಡುವಿನ ನೆಲದಲ್ಲಿ ಎಂಟು-ಹತ್ತು ಸೆಂಟಿಮೀಟರ್ ಚೌಕದ ತೂತುಗಳು. ಐದನೆಯ ಗುರುವಿನ ಕಾಲದಿಂದ ಇದು ನಡೆದುಬಂದಿದೆ. ಮೇಲಿನ ಕೊಳದ ನಲ್ಲಿ ನೀರನ್ನು ಬೇಕಾದಾಗ ಬದಲಿಸಬಹುದು, ಬಿಸಿ ಮಾಡಬಹುದು; ಕೆಳಗಿನ ಮಳೆನೀರಿನೊಂದಿಗೆ ಸಂಪರ್ಕ ತಪ್ಪದಿದ್ದರೆ ಸಾಕು. ಕೆಡುವುದು ಎಲ್ಲಿ? ಚಾವಣಿಯಿಂದ ಇಳಿಯುವ ಕೊಳವೆಯಲ್ಲಿ ಸೋಸುಡಬ್ಬಿಯನ್ನೋ ನೀರು ನಿಲ್ಲುವ ತಗ್ಗನ್ನೋ ಪ್ಲಂಬರ್ ಸೇರಿಸಿಬಿಟ್ಟರೆ ಅದು ಪಾತ್ರೆಯ ಲೆಕ್ಕ, ಇಡೀ ನೀರು ಹೋಯಿತು. ಸಿಮೆಂಟ್ ಬಿರುಕಿನಿಂದ ಸೋರಿದರೆ ಅದು ನಿಂತ ನೀರಲ್ಲ, ಹರಿಯುವ ನೀರು, ಮತ್ತೆ ಅನರ್ಹ. ಮುಂಗಾರು ಮುಗಿದ ಮೇಲೆ ಇದು ಗೊತ್ತಾದರೆ ಮುಂದಿನ ಮಳೆಯವರೆಗೆ ಕಾಯಬೇಕಾದೀತು. ಹಾಗಾಗಿ ಈ ವಿದ್ಯೆಯಲ್ಲೇ ಪಳಗಿದ ರಬ್ಬಿ ಬಂದು ನಕ್ಷೆಯಿಂದ ಕೊನೆಯ ಗಾರೆಯವರೆಗೆ ನೋಡದೆ ಕೆಲಸ ಮುಗಿಯುವುದಿಲ್ಲ.

ಹಬ್ಬಗಳಲ್ಲಿ ಪಸ್ಕವೇ ದೊಡ್ಡ ಪರೀಕ್ಷೆ. ಹುಳಿಯಿಲ್ಲದ ಮಾತ್ಸಾ ರೊಟ್ಟಿಗೆ ಹಿಟ್ಟು ನೀರು ಕಂಡ 18 ನಿಮಿಷದೊಳಗೆ ಬೆಂದಿರಬೇಕು, ಆದ್ದರಿಂದ ಬಹುತೇಕ ಕಡೆ ಹೊರದೇಶದಿಂದಲೇ ತರಿಸುತ್ತಾರೆ. ಕಠ್ಮಂಡುವಿನ ಚಬಾದ್ ಮನೆ ಸಾವಿರಕ್ಕೂ ಹೆಚ್ಚು ಚಾರಣಿಗರಿಗೆ ಪಸ್ಕದ ಊಟ ಹಾಕುವುದಕ್ಕೆ ಹೆಸರಾದದ್ದು. ನೇಪಾಳಕ್ಕೆ ಕಡಲಿಲ್ಲ, ಸಾಮಾನು ಭಾರತದ ಬಂದರಿನ ಮೂಲಕ ಹೋಗಬೇಕು. 2014ರಲ್ಲಿ ಇಸ್ರೇಲ್ ವಿದೇಶಾಂಗ ನೌಕರರ ಮುಷ್ಕರದಿಂದ ಕಾಗದಪತ್ರ ನಿಂತು ಮಾತ್ಸಾ ತುಂಬಿದ ಕಂಟೇನರು ಬಂದರಿನಲ್ಲೇ ಸಿಕ್ಕಿಕೊಂಡಿತ್ತು. ಮರುವರ್ಷ ಏಪ್ರಿಲ್ 25ರ ಭೂಕಂಪದಲ್ಲಿ ಅದೇ ಮನೆ ಇಸ್ರೇಲಿ ಚಾರಣಿಗರ ಆಶ್ರಯವಾಯಿತು. ಹಬ್ಬದ ಅಡುಗೆಗೆ ಕೂಡಿಟ್ಟ ದೊಡ್ಡ ಪಾತ್ರೆ, ಅಕ್ಕಿ, ಫೋನ್ ಸಂಖ್ಯೆಗಳ ಪಟ್ಟಿ ವಿಪತ್ತಿನಲ್ಲೂ ಕೈಗೆ ಬರುತ್ತವೆ.

ಸಾವು ಬಂದಾಗ ರಬ್ಬಿಯ ಕೆಲಸ ಅತ್ಯಂತ ಕಠಿಣ. ಯಹೂದಿ ನಿಯಮದಲ್ಲಿ ದಹನವಿಲ್ಲ, ಬೇಗ ಹೂಳಬೇಕು, ದೇಹವನ್ನು ಕೊಯ್ಯಬಾರದು. ಇತ್ತ ನಮ್ಮ ಕಾನೂನಿನಂತೆ ಪ್ರವಾಸಿಯ ಸಾವು ಅಸಹಜವೆಂದಾದರೆ ಪಂಚನಾಮೆ ಆಗಲೇಬೇಕು, ಮರಣೋತ್ತರ ಪರೀಕ್ಷೆಯೂ ಬರುತ್ತದೆ. ರಬ್ಬಿ ಪೊಲೀಸರನ್ನೂ ವೈದ್ಯರನ್ನೂ ಕಾಣುತ್ತಾರೆ. ಪರೀಕ್ಷೆ ಬೇಡವೆಂದು ಹಟ ಹಿಡಿಯುವುದಕ್ಕಿಂತ, ಕಾನೂನಿಗೆ ಬೇಕಾದಷ್ಟೇ ಆಗಲಿ, ಅಂಗಾಂಗಗಳೆಲ್ಲ ದೇಹದೊಂದಿಗೇ ಮರಳಲಿ ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ. ದೇಹ ಸ್ವದೇಶಕ್ಕೆ ಹೋಗುವುದಾದರೆ ಮರಣ ಪ್ರಮಾಣಪತ್ರ, ಪೊಲೀಸ್ ಮತ್ತು ದೂತಾವಾಸದ ನಿರಾಕ್ಷೇಪಣಾ ಪತ್ರ, ದೇಹ ಸಂರಕ್ಷಣೆಯ ಪ್ರಮಾಣಪತ್ರ, ಮೊಹರು ಹಾಕಿದ ಶವಪೆಟ್ಟಿಗೆ ಇಷ್ಟೂ ಬೇಕು. ರಕ್ತ ತೆಗೆದು ರಾಸಾಯನಿಕ ತುಂಬುವ ಸಂರಕ್ಷಣೆಗೆ ಧರ್ಮದ ಅಡ್ಡಿಯಿದೆ, ವಿಮಾನ ಸಂಸ್ಥೆಗೆ ಅದೇ ಬೇಕು. ಇವೆರಡರ ನಡುವೆ ದಾರಿ ಹುಡುಕುವುದರಲ್ಲಿ ರಾತ್ರಿಗಳು ಕಳೆಯುತ್ತವೆ. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯಲ್ಲಿ ಯಹೂದಿಗಳ ಸ್ಮಶಾನವೊಂದು ಮೈಸೂರು ಅರಸರ ಕಾಲದಿಂದ ಇದೆ.

ಸಾರ್ವಜನಿಕ ಪಾತ್ರ ಹುಟ್ಟುವುದು ಈ ಮನೆಕೆಲಸಗಳಿಂದಲೇ. ಆಸ್ಪತ್ರೆ, ಠಾಣೆ, ಬಂದರು, ಪುರಸಭೆ ಎಲ್ಲ ಕಡೆ ಮುಖಪರಿಚಯ ಬೆಳೆದು, ಕೊನೆಗೆ ಸರ್ಕಾರ ‘ಯಹೂದಿಗಳ ಕಡೆಯಿಂದ ಯಾರು?’ ಎಂದಾಗ ಇವರೇ ಕಾಣುತ್ತಾರೆ. ಹನುಕ್ಕಾ ಹಬ್ಬದ ದೀಪಸ್ತಂಭವನ್ನು ಊರ ಚೌಕದಲ್ಲಿ ನಿಲ್ಲಿಸುವುದು ಇದರ ಎದ್ದು ಕಾಣುವ ರೂಪ. 1979ರಲ್ಲಿ ವಾಷಿಂಗ್ಟನ್‌ನಲ್ಲಿ ರಬ್ಬಿ ಅಬ್ರಹಾಂ ಶೆಮ್‌ತೋವ್ ನಿಲ್ಲಿಸಿದ ದೀಪಸ್ತಂಭಕ್ಕೆ ಅಧ್ಯಕ್ಷ ಕಾರ್ಟರ್ ಬಂದರು. ಸರ್ಕಾರಿ ಜಾಗದಲ್ಲಿ ಧರ್ಮದ ಗುರುತು ಬೇಡವೆಂದು ವಾದಿಸಿದವರಲ್ಲಿ ಅಮೆರಿಕದ ಯಹೂದಿ ಸಂಘಟನೆಗಳೂ ಇದ್ದವು. 1989ರಲ್ಲಿ ಪಿಟ್ಸ್‌ಬರ್ಗ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ದೀಪಸ್ತಂಭ ಇರಬಹುದೆಂದಿತು.

ಅಧಿಕಾರದ ಹತ್ತಿರ ಹೋದಷ್ಟೂ ಬೆಲೆ ತೆರಬೇಕಾಗುತ್ತದೆ. ಮಿಲಾನ್‌ನಲ್ಲಿ ಹುಟ್ಟಿದ ಬೆರೆಲ್ ಲಾಜರ್ 2000ದಿಂದ ರಷ್ಯಾದ ಮುಖ್ಯ ರಬ್ಬಿ ಎನಿಸಿಕೊಂಡಿದ್ದಾರೆ. ಆಗಲೇ ಅಡೋಲ್ಫ್ ಶಾಯೆವಿಚ್ ಆ ಹೆಸರಿನಲ್ಲಿದ್ದರು. ಯಹೂದಿ ಧರ್ಮದಲ್ಲಿ ಪಟ್ಟ ಕಟ್ಟುವ ಒಂದೇ ಪೀಠವಿಲ್ಲ, ಒಂದು ಒಕ್ಕೂಟ ಆರಿಸುತ್ತದೆ, ಸರ್ಕಾರ ಒಬ್ಬರನ್ನು ಮನ್ನಿಸುತ್ತದೆ. ಕ್ರೆಮ್ಲಿನ್‌ಗೆ ಹತ್ತಿರವೆಂಬ ಟೀಕೆ ಲಾಜರ್ ಅವರ ಮೇಲೆ ಬಹುಕಾಲದಿಂದಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅವರು ಶಾಂತಿಯ ಕರೆ ಕೊಟ್ಟು ರಷ್ಯಾದಲ್ಲೇ ಉಳಿದರು. ಹಸಿದಿ ಅಲ್ಲದ ಮಾಸ್ಕೋ ರಬ್ಬಿ ಪಿಂಕಾಸ್ ಗೋಲ್ಡ್‌ಶ್ಮಿಟ್ ಯುದ್ಧವನ್ನು ಬೆಂಬಲಿಸಲು ಒಪ್ಪದೆ ದೇಶ ಬಿಟ್ಟರು. ಅತ್ತ ಕೀವ್‌ನಲ್ಲಿ ಚಬಾದ್‌ನವರೇ ಆದ ಮೋಶೆ ಅಜ್ಮನ್ ರಷ್ಯಾವನ್ನು ಬಹಿರಂಗವಾಗಿ ಖಂಡಿಸಿದರು, ಒಡೆಸಾದ ಚಬಾದ್ ಅನಾಥಾಲಯದ ಮಕ್ಕಳು ಬರ್ಲಿನ್‌ನ ಚಬಾದ್ ಮನೆಯ ಆಸರೆಗೆ ಬಂದರು. ಒಂದೇ ಪಂಥದವರು ಯುದ್ಧದ ಎರಡೂ ಬದಿಯಲ್ಲಿ. ಇದನ್ನು ಇಬ್ಬಂದಿತನವೆಂದು ತಳ್ಳಿಹಾಕುವುದು ನನಗೆ ಸರಿ ಕಾಣದು: ಇದ್ದ ಊರಿನ ಯಹೂದಿಗಳನ್ನು ಬಿಟ್ಟು ಬರಬಾರದೆಂಬುದೇ ಇವರ ಮೊದಲ ನಿಯಮ. ಆದರೆ ಮೌನಕ್ಕೂ ಒಂದು ಹೊಣೆಯಿದೆ ಎಂಬ ಟೀಕಾಕಾರರ ಮಾತನ್ನೂ ತೆಗೆದುಹಾಕಲಾಗದು.

ಭಾರತದಲ್ಲಿ ಚಬಾದ್ ರಬ್ಬಿ ಇಲ್ಲಿನ ಯಹೂದಿಗಳ ಮುಖ್ಯಸ್ಥನಲ್ಲ. ಕೊಂಕಣದ ಬೆನೆ ಇಸ್ರೇಲ್, ಕೊಚ್ಚಿಯವರು, ಬಾಗ್ದಾದಿಗಳು ಇವರಿಗಿಂತ ಬಹಳ ಹಳಬರು. ಅವರಿಗೆ ತಮ್ಮದೇ ಮಂದಿರ, ಸ್ವರ, ಪದ್ಧತಿಗಳಿವೆ. ಹೊಸ ರಬ್ಬಿ ಬಂದ ತಕ್ಷಣ ತಿದ್ದಲು ಹೊರಟರೆ ಮನಸ್ತಾಪ ಖಂಡಿತ. ಕರೆದಾಗ ಹೋಗಿ ಹತ್ತನೆಯವನಾಗಿ ನಿಲ್ಲುವವರು ಉಳಿದುಕೊಳ್ಳುತ್ತಾರೆ.

ಮತಪ್ರಚಾರದ ಪ್ರಶ್ನೆಗೆ ಉತ್ತರ ಚಿಕ್ಕದು. ಯಹೂದಿಗಳಲ್ಲದವರನ್ನು ಯಹೂದಿ ಮಾಡಲು ಇವರು ಬರುವುದಿಲ್ಲ. ಆಗಬೇಕೆಂದು ಬಂದವರನ್ನೂ ಮೊದಲು ಹಿಂದಕ್ಕೆ ಕಳಿಸುತ್ತಾರೆ. ಇವರು ಅರಸುವುದು ಆಚರಣೆ ಬಿಟ್ಟ ಯಹೂದಿಗಳನ್ನು. ಎಲ್ಲ ಮನುಷ್ಯರಿಗೂ ಸಲ್ಲುವ ನೋಹನ ಏಳು ಕಟ್ಟಳೆಗಳನ್ನು ಸಾರಬೇಕೆಂದು ಏಳನೆಯ ಗುರು ಹೇಳಿದ್ದರಿಂದ ಅಷ್ಟರ ಮಟ್ಟಿಗೆ ಹೊರಗಿನವರೊಂದಿಗೂ ಮಾತಾಡುತ್ತಾರೆ. ಇಸ್ರೇಲ್ ದೂತಾವಾಸದೊಂದಿಗೆ ಒಡನಾಟ ಇರುತ್ತದೆ, ಬರುವವರಲ್ಲಿ ಇಸ್ರೇಲಿಗಳೇ ಹೆಚ್ಚು. ಆದರೆ ಆಜ್ಞೆ ಅಲ್ಲಿಂದ ಬರುವುದಿಲ್ಲ.

ಬಾಗಿಲು ತೆರೆದಿಡುವುದೇ ಇವರ ಕಸುಬು, ಅಪಾಯವೂ ಅದರಿಂದಲೇ. ಗವ್ರಿಯೇಲ್ ಮತ್ತು ರಿವ್ಕಾ ಹೋಲ್ಟ್ಸ್‌ಬರ್ಗ್ 2003ರಲ್ಲಿ ಮುಂಬೈಗೆ ಬಂದವರು. 2008ರ ನವೆಂಬರ್‌ನಲ್ಲಿ ಅವರ ಜೊತೆ ನಾಲ್ವರು ಅತಿಥಿಗಳೂ ಹತರಾದರು. ಆ ಅತಿಥಿಗಳಲ್ಲಿ ಆಹಾರ ಕಾರ್ಖಾನೆಗಳ ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಸಲ್ಲುತ್ತದೆಯೇ ಎಂಬ) ತಪಾಸಣೆಗೆ ಬಂದವರೂ ಇದ್ದರು. ಎರಡು ವರ್ಷದ ಮಗ ಮೋಶೆಯನ್ನು ದಾದಿ ಸಾಂಡ್ರಾ ಸ್ಯಾಮ್ಯುಯಲ್ ಎತ್ತಿಕೊಂಡು ಹೊರಗೋಡಿ ಉಳಿಸಿದರು. ಮನೆ 2014ರಲ್ಲಿ ಮತ್ತೆ ತೆರೆಯಿತು. 2024ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಚಬಾದ್ ರಬ್ಬಿ ಜ್ವಿ ಕೋಗನ್ ಅವರನ್ನು ಅಪಹರಿಸಿ ಕೊಂದರು. ಇಂಥ ಪ್ರತಿ ಘಟನೆಯ ನಂತರ ಬಾಗಿಲ ಮುಂದಿನ ತಪಾಸಣೆ ಬಿಗಿಯಾಗುತ್ತದೆ, ದಾರಿಹೋಕನನ್ನು ಊಟಕ್ಕೆ ಕರೆಯುವ ಸಹಜತೆ ಅಷ್ಟು ಕುಗ್ಗುತ್ತದೆ.

ನಮ್ಮಲ್ಲಿ ಇವರೊಂದಿಗೆ ವ್ಯವಹಾರ ಬರುವವರಿಗೆ ಕೆಲವು ಮಾತು. ಮಸಾಲೆ, ಕಾಫಿ ಅಥವಾ ಸಾರತೈಲ ರಫ್ತು ಮಾಡುವವರಾದರೆ ಕೋಷರ್ ತಪಾಸಣೆಗೆ ಬರುವ ರಬ್ಬಿ ಮೊದಲು ಕೇಳುವುದು ಕಚ್ಚಾವಸ್ತುಗಳ ಪೂರ್ತಿ ಪಟ್ಟಿ. ಗ್ಲಿಸರಿನ್, ಎಮಲ್ಸಿಫೈಯರ್‌ಗಳ ಮೂಲ ಪ್ರಾಣಿಯೋ ಸಸ್ಯವೋ ಎಂಬುದಕ್ಕೆ ಕಾಗದ ಸಿದ್ಧವಿರಲಿ. ಒಂದೇ ಬಾಯ್ಲರಿನ ಹಬೆ ನಿಷಿದ್ಧ ಪದಾರ್ಥ ಬೇಯುವ ಯಂತ್ರಕ್ಕೂ ಹೋಗಿ ನೀರಾಗಿ ಮರಳುತ್ತದೆಯೇ ಎಂದು ನೋಡುತ್ತಾರೆ. ಹೆಚ್ಚಿನ ಅರ್ಜಿಗಳು ತಡವಾಗುವುದು ಈ ಕೊಳವೆ ನಕ್ಷೆ ಇಲ್ಲದ್ದರಿಂದ. ಯಂತ್ರ ಶುದ್ಧಿ ಮಾಡಬೇಕಾದರೆ 24 ಗಂಟೆ ನಿಲ್ಲಿಸಿ, ಆಮೇಲೆ ಕುದಿನೀರು ಹಾಯಿಸಬೇಕು. ಉತ್ಪಾದನೆಯ ವೇಳಾಪಟ್ಟಿಯಲ್ಲಿ ಆ ದಿನವನ್ನು ಮೊದಲೇ ಬಿಡಿ. ಹೋಟೆಲಿನವರಾದರೆ ಎರಡು ಮೊಹರಿನ ಊಟದ ಪೊಟ್ಟಣವನ್ನು ಅತಿಥಿಯ ಮುಂದೆಯೇ ಬಿಚ್ಚಲು ಬಿಡಿ, ಮೊಹರಿದ್ದಂತೆಯೇ ಬಿಸಿ ಮಾಡಿ. ಕುದಿಸದ ಕೋಷರ್ ದ್ರಾಕ್ಷಾರಸದ ಬಾಟಲಿಯನ್ನು ನೀವು ತೆರೆದು ಬಗ್ಗಿಸಿದರೆ ಅವರು ಕುಡಿಯುವಂತಿಲ್ಲ. ಮನೆಗೆ ಭೇಟಿ ಕೊಡುವುದಾದರೆ ಮೊದಲೇ ಫೋನ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಉತ್ತರ ಬಾರದಿದ್ದರೆ ಬೇಸರಿಸಬೇಡಿ. ಗಂಡು-ಹೆಣ್ಣು ಕೈಕುಲುಕುವುದಿಲ್ಲ, ನಮ್ಮ ನಮಸ್ಕಾರ ಸಾಕು. ಮನೆಯಲ್ಲಿ ಮಾಡಿದ ಸಿಹಿ ಒಯ್ಯಬೇಡಿ. ಹೆಚ್ಚದ ಹಣ್ಣು ಒಯ್ದರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.